ಮೆಣಸಿನ ಗಿಡದ ನುಸಿ, 3,000 ರೂಪಾಯಿಯ ಪಿಡಿಎಫ್ ಮತ್ತು ಲೈಬ್ರರಿಯ ಖರ್ಚು

ಹೋದ ತಿಂಗಳು ರಾತ್ರಿ ಊಟಕ್ಕೆ ಕೂತಿದ್ದೆ. ಅಣ್ಣನ ಮಗಳ ಫೋನ್ ಬಂತು. ಅಣ್ಣ ಬ್ಯಾಡಗಿ ಹತ್ತಿರದ ಊರಿನಲ್ಲಿ ಮೆಣಸಿನಕಾಯಿ ಬೆಳೆಯುತ್ತಾನೆ. ಮಗಳು ಗದಗದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಮೆಣಸಿನ ಗಿಡಕ್ಕೆ ಬೀಳುವ ಕಪ್ಪು ಥ್ರಿಪ್ಸ್ ನುಸಿಯ ಮೇಲೆ ಅವಳ ಪ್ರಾಜೆಕ್ಟ್. ಮನೆಯ ಹೊಲದಲ್ಲೇ ಬೇಕಾದಷ್ಟು ನುಸಿ ಇದೆ, ಹುಡುಕಿಕೊಂಡು ಹೋಗಬೇಕಿಲ್ಲ.

"ಕಾಕಾ, ಬೇಕಾದ ಪೇಪರ್ ಸಿಕ್ಕೈತಿ, ಆದ್ರ ಓಪನ್ ಆಗವಲ್ದು. 35 ಡಾಲರ್ ಕೇಳಾಕತ್ತೈತಿ" ಅಂದಳು.

35 ಡಾಲರ್ ಅಂದರೆ ಹೆಚ್ಚುಕಡಿಮೆ 3,000 ರೂಪಾಯಿ. ಒಂಬತ್ತು ಪುಟದ ಒಂದು ಪಿಡಿಎಫ್‌ಗೆ! ತಮಾಷೆ ಏನೆಂದರೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಅವಳ ಗೆಳತಿಗೆ ಅದೇ ಲಿಂಕ್ ಒಂದು ಪೈಸೆ ಕೇಳದೆ ತೆರೆಯಿತು. ಗೆಳತಿಯ ಪಾಲಿನ ದುಡ್ಡನ್ನು ಯಾರೋ ಕೊಟ್ಟಿದ್ದಾರೆ ಅಂತ ಆಯಿತಲ್ವಾ? ಯಾರು ಕೊಟ್ಟರು, ಎಷ್ಟು ಕೊಟ್ಟರು, ಎಲ್ಲಿಯವರೆಗೆ ಕೊಡುತ್ತಾರೆ? ಈ ಪ್ರಶ್ನೆಗಳನ್ನು ಈಗಲೇ ಕೇಳಬೇಕು. ಯಾಕೆಂದರೆ ಆ ದುಡ್ಡಿನ ಈಗಿನ ಗಡುವು 2027ಕ್ಕೆ ಮುಗಿಯುತ್ತದೆ.

ಡೇಟಾಬೇಸ್ ಅಂದರೆ ಏನು

ವಿಜ್ಞಾನಿಗಳು ಏನಾದರೂ ಕಂಡುಹಿಡಿದರೆ ಅದನ್ನು ಜರ್ನಲ್ ಅನ್ನುವ ಪತ್ರಿಕೆಗೆ ಬರೆದು ಕಳಿಸುತ್ತಾರೆ. ಆ ಬರಹಕ್ಕೆ ಪೇಪರ್ ಅಂತಾರೆ. ಪತ್ರಿಕೆಯವರು ಅದನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕೊಟ್ಟು ಪರೀಕ್ಷೆ ಮಾಡಿಸುತ್ತಾರೆ. ಲೆಕ್ಕ ಸರಿ ಇದೆಯಾ, ಪ್ರಯೋಗ ಸರಿಯಾಗಿ ಮಾಡಿದ್ದಾರಾ, ಹೇಳಿದ ಮಾತಿಗೆ ಆಧಾರ ಇದೆಯಾ ಅಂತ ಅವರು ನೋಡುತ್ತಾರೆ. ಅವರ ಕೈಯಲ್ಲಿ ಪಾಸಾದರೆ ಮಾತ್ರ ಪ್ರಕಟಣೆ. ಹಾಗಂತ ಪ್ರಕಟವಾದದ್ದೆಲ್ಲ ಸತ್ಯ ಅಂತಲ್ಲ. ಆದರೆ ವಾಟ್ಸಾಪ್‌ನಲ್ಲಿ ಬರುವ "ಈ ಎಣ್ಣಿ ಹೊಡೆದರೆ ನುಸಿ ಮಾಯ" ಅನ್ನುವ ಮಾತಿಗಿಂತ ನೂರು ಪಾಲು ಮೇಲು.

ಇಂಥ ಜರ್ನಲ್‌ಗಳು ಜಗತ್ತಿನಲ್ಲಿ ಸಾವಿರಾರು ಇವೆ. ಅವನ್ನೆಲ್ಲ ಒಂದೆಡೆ ತಂದು, ವಿಷಯ, ವರ್ಷ, ಬರೆದವರ ಹೆಸರು ಹಿಡಿದು ಹುಡುಕಲು ಬರುವಂತೆ ಜೋಡಿಸಿಟ್ಟ ಕಂಪ್ಯೂಟರ್ ಕಪಾಟೇ ಡೇಟಾಬೇಸ್. ಇದರಲ್ಲಿ ಎರಡು ಬಗೆ. ಒಂದು ಬರೀ ವಿಳಾಸ ಹೇಳುತ್ತದೆ: ಇಂಥ ಪೇಪರ್ ಇಂಥಲ್ಲಿದೆ, ಸಾರಾಂಶ ಇಷ್ಟು ಅಂತ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಈ ಜಾತಿಯವು. ಇನ್ನೊಂದು ಪೂರ್ತಿ ಪೇಪರನ್ನೇ ಕೊಡುತ್ತದೆ, 1995ರಲ್ಲಿ ಶುರುವಾದ ಜೆಸ್ಟೋರ್ ಥರ.

"ಗೂಗಲ್‌ನಲ್ಲಿ ಎಲ್ಲಾ ಸಿಗುತ್ತಲ್ಲ" ಅಂತ ಬಹಳ ಜನ ಕೇಳುತ್ತಾರೆ. ಸಿಗುತ್ತದೆ, ಅರ್ಧ. ಗೂಗಲ್ ನಿಮ್ಮನ್ನು ಅಂಗಡಿ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಬೀಗದ ಕೈ ಅದರ ಹತ್ತಿರ ಇಲ್ಲ. ನಮ್ಮ ಹುಡುಗಿ ನಿಂತಿದ್ದು ಆ ಬಾಗಿಲಲ್ಲೇ.

ರೈತನಿಗೂ ಇದಕ್ಕೂ ಏನು ಸಂಬಂಧ

ಅಣ್ಣ ಜರ್ನಲ್ ಓದುವುದಿಲ್ಲ. ಓದುವ ಅಗತ್ಯವೂ ಇಲ್ಲ. ಆದರೆ ಅವನ ಹೊಲಕ್ಕೆ ಬರುವ ಸಲಹೆ ಎಲ್ಲಿಂದ ಹೊರಡುತ್ತದೆ ನೋಡಿ. ಎಲ್ಲೋ ಒಬ್ಬರು ಕೀಟದ ಬಗ್ಗೆ ಪೇಪರ್ ಬರೆಯುತ್ತಾರೆ. ಅದನ್ನು ಓದಿದ ಇಲ್ಲಿನ ವಿಜ್ಞಾನಿ ನಮ್ಮ ಮಣ್ಣಿನಲ್ಲಿ, ನಮ್ಮ ಹವೆಯಲ್ಲಿ ಪ್ರಯೋಗ ಮಾಡುತ್ತಾರೆ. ಅದು ವಿಶ್ವವಿದ್ಯಾಲಯದ ಶಿಫಾರಸಾಗಿ, ರೈತ ಸಂಪರ್ಕ ಕೇಂದ್ರಕ್ಕೆ ಇಳಿದು, ಕೊನೆಗೆ ಅಣ್ಣನ ಕಿವಿಗೆ ಬೀಳುತ್ತದೆ. ಮೊದಲ ಕೊಂಡಿ ಕಳಚಿದರೆ ಹಿಂದಿನವೆಲ್ಲ ಸುಮ್ನೆ ಜೋತಾಡುತ್ತವೆ.

ಈ ಕಪ್ಪು ನುಸಿಯ ಕತೆಯೇ ನೋಡಿ. ಇದರ ವಿಜ್ಞಾನದ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್, ಮೂಲ ಆಗ್ನೇಯ ಏಷ್ಯಾ. ನಮ್ಮ ದೇಶದಲ್ಲಿ ಇದು ಇದೆ ಅಂತ ಸಂಶೋಧಕರು 2015ರಲ್ಲೇ ಬರೆದಿದ್ದರು, ಬೆಂಗಳೂರಿನ ಪಪ್ಪಾಯಿ ಗಿಡಗಳ ಮೇಲೆ ಕಂಡು. ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಅದು ಹಾಳು ಮಾಡಿದ್ದು 2021-22ರ ಹಂಗಾಮಿನಲ್ಲಿ. ಅಂದರೆ ಕಳ್ಳ ಊರಿಗೆ ಬಂದ ಸುದ್ದಿ ಆರು ವರ್ಷ ಮೊದಲೇ ಕಾಗದದ ಮೇಲೆ ಇತ್ತು. ಆ ಸುದ್ದಿ ಓದಿದ್ದರೆ ನುಸಿ ನಿಲ್ಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಹೊಲದಲ್ಲಿ ಹೂವು ಉದುರಿದಾಗ ಇದು ಹಳೇ ನುಸಿಯೋ ಹೊಸದೋ ಅಂತ ಗುರುತು ಹಿಡಿಯಬೇಕಾದ ಮನುಷ್ಯನಿಗೆ ಆ ಪೇಪರ್ ಕೈಗೆ ಸಿಗಬೇಕು, ಅಷ್ಟೇ.

ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅಪರೂಪದ ಕಾಯಿಲೆ ನೋಡುವ ಡಾಕ್ಟರಿಗೂ ಇದೇ ಮಾತು. ಹಳೇ ತೀರ್ಪು ಹುಡುಕುವ ಕಾನೂನು ವಿದ್ಯಾರ್ಥಿಗೂ ಇದೇ.

ಇಷ್ಟು ದುಬಾರಿ ಯಾಕೆ

ಡೈರಿಗೆ ಹಾಲು ಹಾಕುವವರಿಗೆ ಇದು ಬೇಗ ತಿಳಿಯುತ್ತದೆ. ನೀವು ಹಾಲು ಕರೆದು ಡೈರಿಗೆ ಪುಕ್ಕಟೆ ಕೊಡುತ್ತೀರಿ ಅಂದುಕೊಳ್ಳಿ. ಫ್ಯಾಟ್ ಚೆಕ್ ಮಾಡಲು ನಿಮ್ಮ ತಮ್ಮನೇ ಹೋಗುತ್ತಾನೆ, ಅವನಿಗೂ ಪಗಾರ ಇಲ್ಲ. ಎಮ್ಮೆ ಕೊಳ್ಳಲು ದುಡ್ಡು ಕೊಟ್ಟಿದ್ದು ಸರ್ಕಾರ. ಸಂಜೆ ಅದೇ ಹಾಲಿನ ಪಾಕೀಟನ್ನು ನೀವು ಪೂರ್ತಿ ರೇಟಿಗೆ ಕೊಳ್ಳಬೇಕು. ಯಾರಾದರೂ ಒಪ್ಪುತ್ತಾರಾ?

ಸಂಶೋಧನೆಯ ಪ್ರಪಂಚ ಒಪ್ಪಿಕೊಂಡಿದೆ. ಪೇಪರ್ ಬರೆದವರಿಗೆ ಪ್ರಕಾಶಕರು ದುಡ್ಡು ಕೊಡುವುದಿಲ್ಲ. ಪರೀಕ್ಷೆ ಮಾಡುವವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಸಂಶೋಧನೆಗೆ ಬಹಳಷ್ಟು ಕಡೆ ಸರ್ಕಾರದ ದುಡ್ಡು. ಆಮೇಲೆ ಅದನ್ನು ಓದಲು ಮತ್ತೆ ಸರ್ಕಾರಿ ಲೈಬ್ರರಿಗಳೇ ಕೊಳ್ಳಬೇಕು. ಪ್ರಕಾಶಕರ ಕಡೆಯ ಮಾತನ್ನೂ ಹೇಳಬೇಕು: ಸಂಪಾದನೆ, ಪುಟ ಜೋಡಣೆ, ಹಳೆಯ ಸಂಚಿಕೆಗಳನ್ನು ಕಾಪಾಡುವುದು, ದೊಡ್ಡ ವೆಬ್‌ಸೈಟ್ ನಡೆಸುವುದು, ಇದಕ್ಕೆಲ್ಲ ಖರ್ಚಿದೆ. ಆದರೂ ಎಲ್ಸೆವಿಯರ್‌ನಂಥ ದೊಡ್ಡ ಪ್ರಕಾಶಕರ ಲಾಭ ನೂರಕ್ಕೆ ಮೂವತ್ತರ ಮೇಲೆ ಇರುತ್ತದೆ. ಬದನೆಕಾಯಿ ಮಾರಿ ಅಷ್ಟು ಲಾಭ ಮಾಡಿದವರನ್ನು ನಾನಂತೂ ನೋಡಿಲ್ಲ.

ಇನ್ನೊಂದು ಕಾರಣ, ಇಲ್ಲಿ ಬದಲಿ ಸಾಮಾನು ಇಲ್ಲ. ಒಂದು ಅಂಗಡಿಯಲ್ಲಿ ಬೇಳೆ ತುಟ್ಟಿಯಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಆದರೆ ಕಪ್ಪು ನುಸಿಯ ಮೇಲೆ ಬಂದ ಆ ಪೇಪರ್ ಆ ಒಂದೇ ಜರ್ನಲ್‌ನಲ್ಲಿ ಇರುತ್ತದೆ. ಹಾರ್ವರ್ಡ್‌ನಂಥ ಶ್ರೀಮಂತ ವಿಶ್ವವಿದ್ಯಾಲಯವೇ 2012ರಲ್ಲಿ ಕೈ ಚೆಲ್ಲಿತ್ತು. ವರ್ಷಕ್ಕೆ ಸುಮಾರು 37.5 ಲಕ್ಷ ಡಾಲರ್ ಜರ್ನಲ್‌ಗಳಿಗೇ ಹೋಗುತ್ತಿದೆ, ಹೀಗೇ ನಡೆಸಿಕೊಂಡು ಹೋಗಲು ಆಗುವುದಿಲ್ಲ ಅಂತ ತನ್ನ ಅಧ್ಯಾಪಕರಿಗೆ ಪತ್ರ ಬರೆಯಿತು. ಅವರಿಗೇ ಆಗದಿದ್ದರೆ ಹಾವೇರಿಯ ಕಾಲೇಜಿಗೆ ಆಗುತ್ತದಾ?

ಖಾನಾವಳಿಯ ತಿಂಗಳ ಊಟ

ಪ್ರಕಾಶಕರು ಜರ್ನಲ್‌ಗಳನ್ನು ಒಂದೊಂದಾಗಿ ಮಾರುವುದು ಕಡಿಮೆ. ಹುಬ್ಬಳ್ಳಿಯ ಖಾನಾವಳಿಯಲ್ಲಿ ತಿಂಗಳ ಊಟ ಹಚ್ಚಿದವರಿಗೆ ಇದು ಗೊತ್ತಿರುವ ಲೆಕ್ಕ. ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು ಎಲ್ಲಾ ಸೇರಿ ತಿಂಗಳಿಗೆ ಇಷ್ಟು. ನಿಮಗೆ ಎಣ್ಣೆಗಾಯಿ ಸೇರುವುದಿಲ್ಲ ಅಂತ ದುಡ್ಡು ಕಡಿಮೆ ಮಾಡುವುದಿಲ್ಲ. ನಾಲ್ಕು ದಿನ ಊರಿಗೆ ಹೋದರೂ ಲೆಕ್ಕ ಅದೇ. ಆದರೆ ದಿನಾ ಬಿಡಿಯಾಗಿ ತಿನ್ನುವುದಕ್ಕಿಂತ ಸಸ್ತಾ. ಜರ್ನಲ್ ಲೋಕದಲ್ಲಿ ಇದಕ್ಕೆ ಬಿಗ್ ಡೀಲ್ ಅಂತ ಹೆಸರು: ಬೇಕಾದ ಐವತ್ತು ಜರ್ನಲ್‌ಗಳ ಜೊತೆ ಬೇಡದ ಐನೂರು ಕಟ್ಟಿಕೊಡುತ್ತಾರೆ.

ಖಾನಾವಳಿಯ ಮಾತು ಇನ್ನೂ ಒಂದು ಕಡೆ ಹೊಂದುತ್ತದೆ. ತಿಂಗಳ ದುಡ್ಡು ಕಟ್ಟುವುದು ನಿಲ್ಲಿಸಿದ ದಿನ ತಾಟು ಎತ್ತಿಬಿಡುತ್ತಾರೆ. ಹಿಂದಿನ ಕಾಲದಲ್ಲಿ ಲೈಬ್ರರಿ ಜರ್ನಲ್ ತರಿಸಿದರೆ ಆ ಸಂಚಿಕೆ ಕಪಾಟಿನಲ್ಲಿ ಉಳಿಯುತ್ತಿತ್ತು. ಚಂದಾ ನಿಂತರೂ ಹಳೆಯವು ನಮ್ಮವೇ. ಧೂಳು ಹಿಡಿದರೂ ಇರುತ್ತಿದ್ದವು. ಈಗ ಕೊಡುವ ಚಂದಾ ಬಹುತೇಕ ಬಾಡಿಗೆ ಥರ. ಚಂದಾ ನಿಂತರೆ ಹೊಸವು ಬರುವುದಿಲ್ಲ, ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡಿರದಿದ್ದರೆ ಹಳೆಯವಕ್ಕೂ ಬಾಗಿಲು ಮುಚ್ಚುತ್ತದೆ. ಹತ್ತು ವರ್ಷ ದುಡ್ಡು ಕಟ್ಟಿದ ಲೈಬ್ರರಿ ಹನ್ನೊಂದನೇ ವರ್ಷ ಬರಿಗೈಲಿ ನಿಲ್ಲಬಹುದು. ಈ ಖರ್ಚನ್ನು ಕಟ್ಟಡ ಕಟ್ಟುವ ಖರ್ಚಿನ ಥರ "ಒಮ್ಮೆ ಕೊಟ್ಟರೆ ಆಯಿತು" ಅಂತ ನೋಡಲು ಆಗದಿರುವುದು ಇದಕ್ಕೇ. ಇದು ಕರೆಂಟ್ ಬಿಲ್ ಥರದ್ದು.

ದೇಶಕ್ಕೆಲ್ಲ ಒಂದೇ ಚಂದಾ

ಮೊದಲು ನಮ್ಮಲ್ಲಿ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆಯಾಗಿ ಕೊಳ್ಳುತ್ತಿದ್ದವು. ಕೃಷಿಯವರಿಗೆ ಸೆರಾ ಅನ್ನುವ ಒಕ್ಕೂಟ, ವೈದ್ಯಕೀಯದವರಿಗೆ ಇನ್ನೊಂದು, ವಿಶ್ವವಿದ್ಯಾಲಯಗಳಿಗೆ 2015ರ ಕೊನೆಯಲ್ಲಿ ಶುರುವಾದ ಇ-ಶೋಧಸಿಂಧು. ಹೀಗೆ ಹತ್ತು ಒಕ್ಕೂಟಗಳು. ಒಂದೇ ಪ್ರಕಾಶಕರ ಹತ್ತಿರ ಒಂದೇ ದೇಶದ ಹತ್ತು ಗಿರಾಕಿಗಳು ಪ್ರತ್ಯೇಕವಾಗಿ ಚೌಕಾಸಿ ಮಾಡಿದಂತೆ. ಊರಿನವರೆಲ್ಲ ಸೇರಿ ಒಂದೇ ಲಾರಿ ಗೊಬ್ಬರ ತರಿಸಿದರೆ ಬರುವ ರೇಟಿಗೂ ಒಬ್ಬೊಬ್ಬರು ಒಂದೊಂದು ಚೀಲ ತಂದರೆ ಬರುವ ರೇಟಿಗೂ ಇರುವ ವ್ಯತ್ಯಾಸ ರೈತರಿಗೆ ಗೊತ್ತು.

ಅದಕ್ಕೇ 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ "ಒಂದು ದೇಶ ಒಂದು ಚಂದಾ" ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ನೋಡಿಕೊಳ್ಳುವುದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ.

6,000 ಕೋಟಿ ಅಂದರೆ ತಲೆ ತಿರುಗುತ್ತದೆ. ಸ್ವಲ್ಪ ಬಿಡಿಸಿ ನೋಡೋಣ. ವರ್ಷಕ್ಕೆ 2,000 ಕೋಟಿ. 1.8 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ತಿಂಗಳಿಗೆ ನೂರೂ ಇಲ್ಲ. ನಮ್ಮ ಹುಡುಗಿಗೆ ಒಂದೇ ಒಂದು ಪೇಪರ್‌ಗೆ ಕೇಳಿದ ದುಡ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಎರಡೂವರೆ ವರ್ಷ ಅಷ್ಟೂ ಜರ್ನಲ್ ತೆರೆದಿಡಬಹುದು. ಎಲ್ಲರೂ ದಿನಾ ಓದುವುದಿಲ್ಲ, ನಿಜ. ಆದರೆ ಬಸ್ ಪಾಸ್ ಇದ್ದವರೂ ದಿನಾ ಚಿಗರಿ ಬಸ್ ಹತ್ತುವುದಿಲ್ಲವಲ್ಲ.

ಇದನ್ನು ಒಪ್ಪದವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಜಗತ್ತು ನಿಧಾನವಾಗಿ ಮುಕ್ತ ಪ್ರಕಟಣೆಯ ಕಡೆ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಜರ್ನಲ್‌ಗಳ ಕಡೆ ಹೊರಟಿರುವಾಗ ಮೂವತ್ತು ಪ್ರಕಾಶಕರಿಗೆ ಇಷ್ಟು ದುಡ್ಡು ಸುರಿಯುವುದು ಯಾಕೆ ಅಂತ ಅವರು ಕೇಳುತ್ತಾರೆ. ಆದರೆ ಮುಕ್ತ ಜರ್ನಲ್ ಅಂದರೆ ಖರ್ಚೇ ಇಲ್ಲ ಅಂತಲ್ಲ. ಬಹಳ ಕಡೆ ಓದುವವರ ಬದಲು ಬರೆಯುವವರಿಂದ ದುಡ್ಡು ವಸೂಲಿ ಮಾಡುತ್ತಾರೆ. ಈ ಯೋಜನೆಯಲ್ಲೇ ಅದಕ್ಕೆಂದು ವರ್ಷಕ್ಕೆ 150 ಕೋಟಿ ಎತ್ತಿಟ್ಟಿದ್ದಾರೆ. ನನಗೆ ಅನಿಸುವುದು ಇಷ್ಟು: ಹೊಸ ಮನೆ ಕಟ್ಟಿ ಮುಗಿಯುವವರೆಗೆ ಬಾಡಿಗೆ ಮನೆ ಬಿಟ್ಟು ಬೀದಿಗೆ ಬರಲು ಆಗುವುದಿಲ್ಲ.

ಒಳಗಿರುವವರು, ಹೊರಗಿರುವವರು

ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಜಾಗ. ನಮ್ಮ ಕಡೆ ಹಾಗೆ ಸರ್ಕಾರಿ ಅನ್ನಿಸಿಕೊಳ್ಳುವವು ಕಡಿಮೆ ಏನಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ. ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಜೊತೆಗೆ ತಾಲೂಕುಗಳ ಸರ್ಕಾರಿ ಪದವಿ ಕಾಲೇಜುಗಳು.

ಖಾಸಗಿ ಕಾಲೇಜು ಈ ಹಂತದಲ್ಲಿ ಹೊರಗೆ. ಅಣ್ಣನ ಮಗಳ ಕಾಲೇಜು ಹಾಗೇ ಹೊರಗುಳಿದದ್ದು. ಇಂಥ ಕಾಲೇಜುಗಳಿಗೆ ಎನ್-ಲಿಸ್ಟ್ ಅನ್ನುವ ಇನ್ನೊಂದು ಸೌಲಭ್ಯ ಇದೆ. ಅರ್ಹ ಕಾಲೇಜು ವರ್ಷಕ್ಕೆ ಸಣ್ಣ ಶುಲ್ಕ ಕಟ್ಟಿದರೆ ಸಾವಿರಾರು ಜರ್ನಲ್, ಇನ್ನೂ ಜಾಸ್ತಿ ಇ-ಪುಸ್ತಕ ಸಿಗುತ್ತವೆ. ಅವಳ ಕಾಲೇಜು ಅದನ್ನು ತೆಗೆದುಕೊಂಡಿದೆಯಾ ಅಂತ ಕೇಳಿದೆ. "ಇರಬೇಕು ಕಾಕಾ, ಪಾಸ್‌ವರ್ಡ್ ಯಾರಿಗೂ ಕೊಟ್ಟಿಲ್ಲ" ಅಂದಳು. ಇದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ಖಾಸಗಿ ಸಂಸ್ಥೆಗಳಿಗೆ, ಆಮೇಲೆ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲರಿಗೂ ತಲುಪಿಸುವುದು ಮುಂದಿನ ಹಂತಗಳ ಮಾತು. 2027ರ ನಂತರ ದುಡ್ಡು ಸಿಕ್ಕರೆ ಆ ಹಂತ. ಸಿಗದಿದ್ದರೆ ಮೊದಲ ಹಂತಕ್ಕೇ ಬೀಗ.

ಮನೆ ತೆರಿಗೆಯ ಚೀಟಿ ತೆಗೆದು ನೋಡಿ

ಲೈಬ್ರರಿಗೆ ನೀವೂ ದುಡ್ಡು ಕೊಡುತ್ತಿದ್ದೀರಿ, ಬಹಳ ಜನಕ್ಕೆ ಗೊತ್ತಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ಗ್ರಂಥಾಲಯ ಕರ. ಮನೆ ತೆರಿಗೆ 2,000 ಇದ್ದರೆ ಅದರ ಮೇಲೆ 120 ರೂಪಾಯಿ ಲೈಬ್ರರಿಗೆ. ಪಾಲಿಕೆ, ಪುರಸಭೆಗಳು ವಸೂಲಿ ಮಾಡಿ ಗ್ರಂಥಾಲಯದವರಿಗೆ ದಾಟಿಸಬೇಕು. ನಗರದ ವಾಚನಾಲಯದಲ್ಲಿ ಬೆಳಗ್ಗೆ ಪೇಪರ್ ಓದುವ ಹಿರಿಯರು, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು, ಇವರೆಲ್ಲ ಕೂರುವುದು ಈ ದುಡ್ಡಿನ ಮೇಲೇ. ಹಳ್ಳಿಯ ಲೈಬ್ರರಿಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿವೆ, ಈಗ ಅರಿವು ಕೇಂದ್ರ ಅಂತ ಹೆಸರು.

ಆದರೆ ಈ ಸಾರ್ವಜನಿಕ ಲೈಬ್ರರಿಗಳಲ್ಲಿ ಕೂತು ಸಂಶೋಧನಾ ಜರ್ನಲ್ ತೆರೆಯಲು ಇವತ್ತಿಗೆ ಆಗುವುದಿಲ್ಲ. ಕಾಲೇಜು ಮುಗಿಸಿದ ಮರುದಿನವೇ ನಿಮ್ಮ ಲಾಗಿನ್ ಹೋಗುತ್ತದೆ. ಊರಿಗೆ ಮರಳಿ ಹೊಲ ಮಾಡುವ ಕೃಷಿ ಪದವೀಧರ, ಶಾಲೆಯ ಮೇಷ್ಟ್ರು, ಸ್ವಂತ ಕ್ಲಿನಿಕ್ ಇಟ್ಟ ಡಾಕ್ಟರು ಎಲ್ಲರೂ ಬಾಗಿಲ ಹೊರಗೆ.

ದುಡ್ಡು ನಿಂತರೆ ಏನಾಗುತ್ತದೆ

ಅಮೆರಿಕದಲ್ಲಿ ಒಂದು ಉದಾಹರಣೆ ಇತ್ತೀಚೆಗೆ ಆಗಿದೆ. ಅಲ್ಲಿ ಲೈಬ್ರರಿಗಳಿಗೆ ಕೇಂದ್ರದ ದುಡ್ಡು ಹಂಚುವ ಒಂದು ಸಂಸ್ಥೆ ಇದೆ. ಹಲವು ರಾಜ್ಯಗಳು ಆ ದುಡ್ಡಿನಲ್ಲೇ ಊರೂರ ಲೈಬ್ರರಿಗಳಿಗೆ ಡೇಟಾಬೇಸ್ ಕೊಡಿಸುತ್ತಿದ್ದವು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಆ ಸಂಸ್ಥೆಯನ್ನು ಕುಗ್ಗಿಸಲು ಆದೇಶ ಹೊರಡಿಸಿದರು. ಮಿಸಿಸಿಪಿಯಲ್ಲಿ ಒಂದು ಇ-ಪುಸ್ತಕ ಸೇವೆ ನಿಂತಿತು. ಸೌತ್ ಡಕೋಟಾದಲ್ಲಿ ಒಂದು ಲೈಬ್ರರಿಯ ಪುಸ್ತಕವನ್ನು ಇನ್ನೊಂದರ ಮೂಲಕ ತರಿಸುವ ವ್ಯವಸ್ಥೆ ನಿಂತಿತು. ವಿಷಯ ಕೋರ್ಟಿಗೆ ಹೋಯಿತು. ಕೋರ್ಟಿನ ತೀರ್ಪು ಬರುವವರೆಗೆ ಕಾಯಲು ಓದುಗನಿಗೆ ಪುರುಸೊತ್ತು ಇರುತ್ತದಾ?

ನಮ್ಮಲ್ಲಿ ನಿಂತರೆ ಏನಾಗಬಹುದು ಅಂತ ಊಹಿಸುವುದು ಕಷ್ಟ ಅಲ್ಲ, ಹಿಂದೆ ಆಗಿದ್ದೇ ಆಗುತ್ತದೆ. ಕಳ್ಳದಾರಿ. ಸೈ-ಹಬ್ ಅನ್ನುವ ತಾಣದಿಂದ ಪೇಪರ್ ಇಳಿಸಿಕೊಳ್ಳದ ಪಿಎಚ್‌ಡಿ ವಿದ್ಯಾರ್ಥಿ ಒಂದು ಕಾಲಕ್ಕೆ ಸಿಗುವುದೇ ಅಪರೂಪ ಇತ್ತು. ಮೂರು ಪ್ರಕಾಶಕರು 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. 2025ರ ಆಗಸ್ಟ್‌ನಲ್ಲಿ ಕೋರ್ಟ್ ಅದನ್ನು ಬ್ಲಾಕ್ ಮಾಡಲು ಹೇಳಿತು. ಆ ದಾರಿ ಮುಚ್ಚಿದೆ. ನೆಟ್ಟಗಿನ ದಾರಿಯನ್ನೂ ಮುಚ್ಚಿದರೆ ಉಳಿಯುವುದು ಆ 35 ಡಾಲರ್ ಕೌಂಟರ್ ಒಂದೇ.

ಮುಂದುವರಿಸಬೇಕಾ ಬೇಡವಾ ಅಂತ ನಿರ್ಧರಿಸುವವರು ಮೊದಲು ನೋಡುವುದು ಬಳಕೆಯ ಲೆಕ್ಕ. ಯಾವ ಸಂಸ್ಥೆಯಿಂದ ಎಷ್ಟು ಪೇಪರ್ ಇಳಿಸಿಕೊಂಡರು ಅನ್ನುವುದು ತಿಂಗಳು ತಿಂಗಳು ದಾಖಲಾಗುತ್ತದೆ. ಬಾರದ ಮಕ್ಕಳಿಗೆ ಬಿಸಿಯೂಟ ಯಾಕೆ ಅಂತ ಕೇಳುವ ಹಾಗೆ, ತೆರೆಯದ ಜರ್ನಲ್‌ಗೆ ದುಡ್ಡು ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಗಾಗಿ ಲಾಗಿನ್ ಇದ್ದವರು ಬಳಸಿ. ಇಲ್ಲದವರು ಕಾಲೇಜಿನ ಗ್ರಂಥಪಾಲಕರನ್ನು ಕೇಳಿ, ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ, ಬರಹದಲ್ಲಿ ಕೊಡಿ. ಶಾಸಕರಿಗೆ, ಸಂಸದರಿಗೆ ರಸ್ತೆ, ಗಟಾರದ ಅರ್ಜಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಿದರೆ ತಪ್ಪೇನಿಲ್ಲ.

ಅಲ್ಲಿಯವರೆಗೆ

ಪುಕ್ಕಟೆ ಮತ್ತು ಕಾನೂನಿನ ದಾರಿಗಳೂ ಇವೆ. ದೇಶದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ತಾಣದಲ್ಲಿ ಲಕ್ಷಗಟ್ಟಲೆ ಇವೆ. ಕೃಷಿ ವಿಷಯದ ಪ್ರಬಂಧಗಳಿಗೆ ಕೃಷಿಕೋಶ. ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್. ಬ್ರೌಸರ್‌ನಲ್ಲಿ ಅನ್‌ಪೇವಾಲ್ ಹಾಕಿಕೊಂಡರೆ ಬೀಗ ಹಾಕಿದ ಪೇಪರ್‌ನ ಪುಕ್ಕಟೆ ಪ್ರತಿ ಬೇರೆಲ್ಲಾದರೂ ಇದ್ದರೆ ತೋರಿಸುತ್ತದೆ. ಹಲವು ಒಪ್ಪಂದಗಳಲ್ಲಿ ಲೈಬ್ರರಿಗೇ ಬಂದು ಕೂತು ಓದುವ ಹೊರಗಿನವರಿಗೂ ಅವಕಾಶ ಇರುತ್ತದೆ, ಧಾರವಾಡಕ್ಕೆ ಬಂದಾಗ ಒಮ್ಮೆ ಕೇಳಿ ನೋಡಿ. ಎಲ್ಲಕ್ಕಿಂತ ಸುಲಭ, ಪೇಪರ್ ಬರೆದವರಿಗೇ ಇಮೇಲ್ ಹಾಕುವುದು. ಅವರಿಗೆ ಹೇಗಿದ್ದರೂ ಆ 35 ಡಾಲರ್‌ನಲ್ಲಿ ಪೈಸೆ ಬರುವುದಿಲ್ಲ. ಯಾರಾದರೂ ಓದಿದರೆ ಸಾಕು ಅಂತ ಕಾಯುತ್ತಿರುತ್ತಾರೆ.

ನಮ್ಮ ಹುಡುಗಿ ಹಾಗೇ ಮಾಡಿದಳು. ಮೂರನೇ ದಿನ ಪಿಡಿಎಫ್ ಬಂತು. ಅವಳು ಅದನ್ನು ಅಪ್ಪನಿಗೂ ವಾಟ್ಸಾಪ್ ಮಾಡಿದಳು. ಅಣ್ಣ ಒಂಬತ್ತು ಪುಟ ಇಂಗ್ಲಿಷ್ ಮೇಲೆ ಕೆಳಗೆ ಉರುಳಿಸಿ ನೋಡಿ, "ಇದರಾಗ ಯಾವ ಎಣ್ಣಿ ಹೊಡಿಬೇಕು ಅಂತ ಐತಿ?" ಅಂತ ಕೇಳಿದನಂತೆ.

"ಎಣ್ಣಿ ಅಲ್ಲಪ್ಪ, ನೀಲಿ ಬಣ್ಣದ ಅಂಟು ಹಾಳಿ ಕಟ್ಟು ಅಂತ ಐತಿ."

"ಅದು ಎಲ್ಲಿ ಸಿಗತೈತಿ?"

ಮರುದಿನ ಬೆಳಗ್ಗೆ ಅವನು ರೈತ ಸಂಪರ್ಕ ಕೇಂದ್ರದ ಬಾಗಿಲಲ್ಲಿ ಇದ್ದ.